ಅಮೆರಿಕದ ಅಧ್ಯಕ್ಷರು ಸರ್ಕಾರಿ ನೌಕರರನ್ನು ಮನಸ್ಸು ಬಂದ ಹಾಗೆ ತೆಗೆಯಬಹುದಾ?

ಸಂಜೆಬಿಸಿಲು:
2025ರ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಕೇಂದ್ರ ನೌಕರರಿಗೆ ಒಂದೇ ಅಚ್ಚಿನ ಪತ್ರ ಕಳಿಸಿ, ಕೆಲಸ ಸರಿಯಿಲ್ಲ ಅಂತ ಮನೆಗೆ ಕಳಿಸಿದರಲ್ವಾ. ಕಾನೂನು ಎಲ್ಲೂ ಅಡ್ಡ ಬರುವುದಿಲ್ವಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಪಕ್ಷದ ಜಗಳ ಬೇಡ.

ಹಳೇಫೈಲು:
ಯಾರನ್ನು ತೆಗೆಯುತ್ತಾರೆ ಅನ್ನೋದರ ಮೇಲೆ ಹೋಗುತ್ತೆ. ಮಂತ್ರಿ, ರಾಯಭಾರಿ ಇವರನ್ನೆಲ್ಲ ಅಧ್ಯಕ್ಷರು ನಿಂತ ನಿಲುವಿನಲ್ಲೇ ತೆಗೆಯಬಹುದು. ಪ್ರೊಬೇಷನ್ ಮುಗಿಸಿದ ಮಾಮೂಲಿ ನೌಕರನ ಕಥೆ ಬೇರೆ. 1978ರ ಕಾನೂನಿನಂತೆ ಸಾಮಾನ್ಯವಾಗಿ 30 ದಿನ ಮುಂಚೆ ಕಾರಣ ಬರೆದು ನೋಟಿಸ್ ಕೊಡಬೇಕು, ಉತ್ತರ ಕೊಡಲು ಕನಿಷ್ಠ 7 ದಿನ ಬಿಡಬೇಕು, ಆಮೇಲೆ ಲಿಖಿತ ಆದೇಶ, ಅದರ ಮೇಲೆ ಅಪೀಲು. ನೀವು ಹೇಳಿದ ಪತ್ರ ಹೋಗಿದ್ದು ಪ್ರೊಬೇಷನ್‌ನಲ್ಲಿದ್ದವರಿಗೆ. ಅವರಿಗೆ ಈ ರಕ್ಷಣೆ ಬಹುಪಾಲು ಇಲ್ಲ. ಬಡ್ತಿ ಸಿಕ್ಕಿ ಹೊಸ ಹುದ್ದೆಗೆ ಬಂದಿದ್ದ ಕೆಲವು ಹಳಬರೂ ಇದರಲ್ಲಿ ಸಿಕ್ಕಿಕೊಂಡರು, ಪಾಪ.

ಚುಕ್ಕಿಗೆರೆ:
ಇದರ ಬೇರು ಹಳೆಯದು. 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ಹೊಡೆದವನು ಸರ್ಕಾರಿ ಹುದ್ದೆ ಕೇಳಿ ಸಿಗದವನು. ಆಗೆಲ್ಲ ಗೆದ್ದ ಪಕ್ಷದವರಿಗೇ ಕೆಲಸ. 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು, ಪರೀಕ್ಷೆ ಬರೆಸಿ ಆರಿಸುವುದು ಶುರುವಾಯಿತು.

ಅರೆನಿದ್ದೆ:
ಕಾಗದದ ಮೇಲೆ ಎಲ್ಲ ಚೆಂದ. ಅಪೀಲು ಕೇಳುವ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್‌ನಲ್ಲಿ ಇರುವುದೇ ಮೂರು ಕುರ್ಚಿ. 2017ರ ಜನವರಿಯಿಂದ 2022ರ ಮಾರ್ಚ್‌ವರೆಗೆ ಅಲ್ಲಿ ಕೋರಂ, ಅಂದರೆ ತೀರ್ಪು ಕೊಡಲು ಬೇಕಾದಷ್ಟು ಸದಸ್ಯರೇ ಇರಲಿಲ್ಲ! ಬೋರ್ಡ್‌ನದೇ ಕೆಳಹಂತದ ನ್ಯಾಯಾಧೀಶರು ತೀರ್ಪು ಕೊಡುತ್ತಾ ಹೋದರು, ಮೇಲಕ್ಕೆ ಹೋದ 3,500ಕ್ಕೂ ಜಾಸ್ತಿ ಕೇಸುಗಳು ಸುಮ್ನೆ ಕೊಳೆತವು. ಐದು ವರ್ಷ ಯಾರು ಕಾಯುತ್ತಾರೆ? ಕಾನೂನು ಬದಲಿಸೋದೇ ಬೇಡ, ಕುರ್ಚಿ ಖಾಲಿ ಬಿಟ್ಟರೆ ಸಾಕು.

ಸಂಜೆಬಿಸಿಲು:
ಸರಿ, ಪ್ರೊಬೇಷನ್‌ನವರು ಕೋರ್ಟಿಗೆ ಹೋಗಲಿಲ್ವಾ?

ಹಳೇಫೈಲು:
ಅವರ ಪರವಾಗಿ ಯೂನಿಯನ್‌ಗಳು ಹೋದವು. ಬೇರೆ ಇಲಾಖೆಯ ನೌಕರರನ್ನು ತೆಗೆಯಿರಿ ಅನ್ನಲು ಕೇಂದ್ರದ ಸಿಬ್ಬಂದಿ ಕಚೇರಿಗೆ ಅಧಿಕಾರವೇ ಇಲ್ಲ ಅಂದರು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರು. ಮಾರ್ಚ್‌ನಲ್ಲಿ ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶ, ಏಪ್ರಿಲ್‌ನಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ನ್ಯಾಯಾಧೀಶರು, ತೆಗೆದದ್ದು ತಪ್ಪು ಅಂತ ತೀರ್ಪು ಕೊಟ್ಟರು, ಆದರೆ ಕೆಲಸ ವಾಪಸ್ ಕೊಡಿಸಲಿಲ್ಲ. ನಿಮ್ಮನ್ನು ತೆಗೆದದ್ದು ಕೆಲಸ ಸರಿಯಿಲ್ಲ ಅಂತಲ್ಲ ಎಂದು ಇಲಾಖೆಗಳು ಅವರಿಗೆ ಪತ್ರ ಬರೆಯಬೇಕು ಅಂದರು.

ಸಂಜೆಬಿಸಿಲು:
ಇನ್ನೊಂದು ಪತ್ರ!