ಅಲ್ಲೇಗ್ರಿಯ ‘ಮಿಸೆರೇರೆ’ಯ ಆ ಎತ್ತರದ ಸ್ವರ: ಅದಕ್ಕೆ ಬಾಲಕರ ದನಿಯೇ ಏಕೆ?

ರಾತ್ರಿಕೇಳುಗ (ಪ್ರಶ್ನೆ)

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಗಾಯಕವೃಂದವು 1963ರಲ್ಲಿ ಧ್ವನಿಮುದ್ರಿಸಿದ ಗ್ರೆಗೋರಿಯೊ ಅಲ್ಲೇಗ್ರಿಯ ‘ಮಿಸೆರೇರೆ’ ಎಂಬ ಕ್ರೈಸ್ತ ಗಾಯನಕೃತಿಯನ್ನು ಕೆಲವು ವಾರಗಳಿಂದ ಮಲಗುವ ಮುನ್ನ ಕೇಳುತ್ತಿದ್ದೇನೆ. ಪಾಶ್ಚಾತ್ಯ ಸಂಗೀತದಲ್ಲಿ ನನಗೆ ಯಾವ ಶಿಕ್ಷಣವೂ ಇಲ್ಲ. ಕ್ರೈಸ್ತ ಆರಾಧನೆಯ ಕ್ರಮವೂ ಪರಿಚಿತವಲ್ಲ. ಆದ್ದರಿಂದ ಪ್ರಶ್ನೆ ಬಾಲಿಶವೆನಿಸಿದರೆ ಕ್ಷಮೆಯಿರಲಿ.

ಮೊದಲು ದೊಡ್ಡ ಗುಂಪೊಂದು ಹಾಡುತ್ತದೆ. ಅನಂತರ ಗಂಡಸರು ಒಂದೇ ಸ್ವರದ ಮೇಲೆ ಪಠಿಸುವಂತೆ ಒಂದು ಚರಣವನ್ನು ಮುಗಿಸುತ್ತಾರೆ. ಅದಾದ ಮೇಲೆ ದೂರದಲ್ಲೆಲ್ಲೋ ನಿಂತಂತಿರುವ ಪುಟ್ಟ ಗುಂಪಿನೊಳಗಿಂದ ಒಂದು ಎಳೆಯ ದನಿ ಯಾವ ಆಯಾಸವೂ ಇಲ್ಲದೆ ತಾರಸ್ಥಾಯಿಗೂ ಮೇಲಕ್ಕೆ ಏರಿ, ಅಲ್ಲಿ ಒಂದು ಕ್ಷಣ ನಿಂತು, ಮೆಟ್ಟಿಲಿಳಿದು ಬರುತ್ತದೆ. ಕಂಪನವಿಲ್ಲ, ಗಮಕದಂಥ ಯಾವ ತೂಗಾಟವೂ ಇಲ್ಲ. ಈ ಕೃತಿಯನ್ನು ಬಾಲಕರಿಗಾಗಿಯೇ ರಚಿಸಿದ್ದೇ? ಈ ದನಿ ಮಕ್ಕಳಿಗೆ ಹುಟ್ಟಿನಿಂದ ಬರುವಂಥದೇ, ಅಥವಾ ಕಲಿಸಿ ಬರಿಸಿದ್ದೇ? ಹೆಂಗಸರು ಹಾಡಿದರೆ ಏನನ್ನು ಕಳೆದುಕೊಳ್ಳುತ್ತೇವೆ?

ಹಳೆಯಸ್ವರಲಿಪಿ

ತಮ್ಮ ಮೊದಲ ಪ್ರಶ್ನೆಗೆ ಉತ್ತರ ತುಸು ನಿರಾಸೆ ತರಬಹುದು. ಆ ಸ್ವರವನ್ನು ಅಲ್ಲೇಗ್ರಿ ಬರೆದೇ ಇಲ್ಲ; ಅವನು ಕೃತಿಯನ್ನು ಬಾಲಕರಿಗಾಗಿ ರಚಿಸಿದವನೂ ಅಲ್ಲ.

ಅಲ್ಲೇಗ್ರಿ 1629ರಲ್ಲಿ ಪೋಪರ ಗಾಯಕವೃಂದವನ್ನು ಸೇರಿದ ಪಾದ್ರಿ. ಬೈಬಲಿನ 51ನೆಯ ಕೀರ್ತನೆಗೆ, ಅಂದರೆ ದಾವೀದನ ಪಶ್ಚಾತ್ತಾಪದ ಕೀರ್ತನೆಗೆ, ಅವನು 1630ರ ದಶಕದಲ್ಲಿ ಮಾಡಿದ ಈ ರಚನೆಯನ್ನು ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿನಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಆರಾಧನೆಯಲ್ಲಿ, ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾ ಬಂದು ಕತ್ತಲಾದ ಮೇಲೆ, ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡುತ್ತಿದ್ದರು. ಒಂದು ಗುಂಪಿಗೆ ಐದು ದನಿಗಳು, ಇನ್ನೊಂದಕ್ಕೆ ನಾಲ್ಕು. ಕೊನೆಯಲ್ಲಿ ಒಂಬತ್ತೂ ಕೂಡುತ್ತವೆ. ಸ್ತ್ರೀಯರಿಗೆ ಅಲ್ಲಿ ಹಾಡಲು ಅವಕಾಶವಿರಲಿಲ್ಲ. ಮೇಲಿನ ದನಿಗಳನ್ನು ಹಾಡುತ್ತಿದ್ದವರಲ್ಲಿ, ದನಿ ಒಡೆಯದಿರಲೆಂದು ಬಾಲ್ಯದಲ್ಲೇ ಬೀಜ ತೆಗೆಸಿಕೊಂಡ ವಯಸ್ಕ ಗಾಯಕರೂ ಇದ್ದರು. ಆ ಕ್ರೌರ್ಯವನ್ನು ನೆನೆಯದೆ ಈ ಸಂಗೀತದ ‘ಪಾವಿತ್ರ್ಯ’ದ ಮಾತನಾಡುವುದು ನನಗೆ ಕಷ್ಟ.

ಅಲ್ಲೇಗ್ರಿ ಬರೆದಿಟ್ಟದ್ದು ಬಹಳ ಸರಳವಾದ ಸ್ವರಮೇಳ. ಅದರ ಮೇಲಿನ ಅಲಂಕಾರವೆಲ್ಲ ಗಾಯಕರ ಬಾಯಲ್ಲಿತ್ತು, ಕಾಗದದ ಮೇಲಿರಲಿಲ್ಲ. 1770ರಲ್ಲಿ ಹದಿನಾಲ್ಕರ ಹರೆಯದ ಮೊಟ್ಸಾರ್ಟ್ ಇದನ್ನು ಕೇಳಿ ನೆನಪಿನಿಂದಲೇ ಬರೆದುಕೊಂಡನೆಂಬುದನ್ನು ಅವನ ತಂದೆ ಮನೆಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಮರುವರ್ಷ ಇಂಗ್ಲೆಂಡಿನ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಅಚ್ಚು ಹಾಕಿಸಿದ ಪಾಠದಲ್ಲಿ ಅಲಂಕಾರಗಳಿರಲಿಲ್ಲ. ಇನ್ನು ತಾವು ಕೇಳಿದ ಎತ್ತರದ ಸ್ವರದ ಮೂಲ ಹೀಗಿದೆ: 1831ರಲ್ಲಿ ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ರೋಮಿನಲ್ಲಿ, ಇದನ್ನು ಬರೆದದ್ದಕ್ಕಿಂತ ಮೇಲಿನ ಶ್ರುತಿಯಲ್ಲಿ ಹಾಡಿದ್ದನ್ನು ಕೇಳಿ, ಅದರದೊಂದು ತುಣುಕನ್ನು ಬರೆದುಕೊಂಡಿದ್ದನು; ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಗ್ರೋವ್ ಸಂಗೀತಕೋಶದಲ್ಲಿ ಆ ತುಣುಕನ್ನು ಬೇರೊಂದು ಶ್ರುತಿಯಲ್ಲಿದ್ದ ಪಾಠಕ್ಕೆ ಹೊಲಿದುಬಿಟ್ಟರು. ಕಿವಿಗೊಟ್ಟು ಕೇಳಿದರೆ ಆ ಹೊಲಿಗೆ ಈಗಲೂ ತಿಳಿಯುತ್ತದೆ: ಚರಣದ ನಡುವೆ ಸಂಗೀತ ತಟ್ಟನೆ ಬೇರೊಂದು ಆಧಾರಸ್ವರಕ್ಕೆ ಜಿಗಿಯುತ್ತದೆ. ಐವರ್ ಆಟ್ಕಿನ್ಸ್ 1951ರಲ್ಲಿ ಸಿದ್ಧಪಡಿಸಿದ ಇಂಗ್ಲಿಷ್ ಆವೃತ್ತಿ ಆ ಜಿಗಿತವನ್ನು ಹಾಗೆಯೇ ಉಳಿಸಿಕೊಂಡಿತು. ತಾವು ಕೇಳುತ್ತಿರುವ, ಡೇವಿಡ್ ವಿಲ್ಕಾಕ್ಸ್ ನಿರ್ದೇಶನದ ಧ್ವನಿಮುದ್ರಣ ಬಳಸಿರುವುದು ಅದನ್ನೇ. ಏಕವ್ಯಕ್ತಿ ದನಿ ಹನ್ನೆರಡು ವರ್ಷದ ರಾಯ್ ಗುಡ್‌ಮನ್‌ನದು. ಮುಂದೆ ಅವರು ಪಿಟೀಲುವಾದಕರಾಗಿ, ವಾದ್ಯವೃಂದದ ನಿರ್ದೇಶಕರಾಗಿ ಹೆಸರಾದರು.

ಸಂಪಾದಕರ ಕೈತಪ್ಪು ಎಂದು ತಿಳಿದ ಮೇಲೂ ಆ ಸ್ವರವಿಲ್ಲದ ‘ಮಿಸೆರೇರೆ’ ನನಗೆ ಸಪ್ಪೆಯಾಗಿಯೇ ಕೇಳುತ್ತದೆ. ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ಹಿಂದಿನಸಾಲು

ನಾನು ವಯಸ್ಕರ ಹವ್ಯಾಸಿ ವೃಂದವೊಂದರಲ್ಲಿ ಕೆಳದನಿ ಹಾಡುವವನು. ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಅದು ಕಲಿಸಿ ಬರಿಸಿದ ದನಿ.

ಆಟದ ಮೈದಾನದಲ್ಲಿ ಕೂಗುವ ಹುಡುಗನ ದನಿಯನ್ನು ನೆನಪಿಸಿಕೊಳ್ಳಿ. ಅದು ಎದೆಯಿಂದ ಬರುತ್ತದೆ, ಅದರಲ್ಲಿ ಒರಟುತನವಿರುತ್ತದೆ. ಇಂಗ್ಲೆಂಡಿನ ಪ್ರಧಾನಾಲಯಗಳ (ಕ್ಯಾಥೆಡ್ರಲ್‌ಗಳ) ಸಂಪ್ರದಾಯದಲ್ಲಿ ಎಂಟರ ಆಸುಪಾಸಿನಲ್ಲಿ ಸೇರಿದ ಹುಡುಗನಿಗೆ ಮೊದಲು ತಲೆಯ ದನಿಯಲ್ಲಿ ಹಾಡುವುದನ್ನು, ಅಂದರೆ ಮೇಲಿನ ಸ್ವರದಿಂದ ಹಗುರವಾಗಿ ಕೆಳಗಿಳಿದು ಬರುವುದನ್ನು, ಅಭ್ಯಾಸ ಮಾಡಿಸುತ್ತಾರೆ. ಎಲ್ಲರ ‘ಆ’ಕಾರವೂ ‘ಊ’ಕಾರವೂ ಒಂದೇ ಆಕಾರಕ್ಕೆ ಬರುವವರೆಗೆ ಬಿಡುವುದಿಲ್ಲ. ಹದಿನಾರು ಹುಡುಗರು ಒಬ್ಬನಂತೆ ಕೇಳಿಸುವುದರ ಗುಟ್ಟು ಅರ್ಧಕ್ಕರ್ಧ ಈ ಸ್ವರಾಕ್ಷರಗಳಲ್ಲಿದೆ. ಶಾಲೆಯ ಪಾಠಕ್ಕೆ ಮುನ್ನ ಅಭ್ಯಾಸ, ಸಂಜೆ ಮತ್ತೆ ಅಭ್ಯಾಸ, ಅದರ ಬೆನ್ನಿಗೇ ಆರಾಧನೆ.

ಕಿಂಗ್ಸ್ ಚಾಪೆಲ್ಲಿನ ಸಂಜೆಯ ಆರಾಧನೆಗೆ ಒಮ್ಮೆ ಹೋಗಿದ್ದೆ. ಹುಡುಗರು ಎರಡು ಬದಿಗಳಲ್ಲಿ ಎದುರುಬದಿರಾಗಿ ನಿಲ್ಲುತ್ತಾರೆ. ಕೀರ್ತನೆಯ ಚರಣಗಳು ಈ ಬದಿಯಿಂದ ಆ ಬದಿಗೆ ಹೋಗಿಬರುತ್ತವೆ. ನನ್ನ ಎದುರಿದ್ದ ತೀರ ಚಿಕ್ಕ ಹುಡುಗ ಬಹುಪಾಲು ಹೊತ್ತು ಹಾಡದೆ, ಪಕ್ಕದ ದೊಡ್ಡ ಹುಡುಗನ ಬೆರಳು ಪುಟದ ಮೇಲೆ ಸರಿಯುವುದನ್ನೇ ನೋಡುತ್ತಿದ್ದ. ಚರಣವೊಂದರ ಕೊನೆಯ ವ್ಯಂಜನಕ್ಕೆ ಮಾತ್ರ ಬಾಯಿ ತೆರೆದು, ಎಲ್ಲರೊಡನೆ ಸರಿಯಾಗಿ ಮುಚ್ಚಿದ. ಹಾಡು ನಿಂತ ಮೇಲೂ ಕೊನೆಯ ಸ್ವರ ಕಲ್ಲಿನ ಚಾವಣಿಯಡಿ ಹಲವು ಸೆಕೆಂಡು ಉಳಿಯಿತು. ತಾವು ಹೇಳಿದ ‘ದೂರ’ದಲ್ಲಿ ಆ ಕಟ್ಟಡದ ಪಾಲೂ ಬಹಳಷ್ಟಿದೆ.

ಆದರೆ ಬಾಲಕರ ದನಿ ಎಂದರೆ ಇದೊಂದೇ ಬಣ್ಣವೆಂದು ತಿಳಿಯಬಾರದು. ಲಂಡನ್ನಿನ ಕ್ಯಾಥೊಲಿಕ್ ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದಲ್ಲಿ ಜಾರ್ಜ್ ಮಾಲ್ಕಮ್ ಹುಡುಗರಿಗೆ ಇದಕ್ಕೆ ವಿರುದ್ಧವಾದ, ಎದೆಯ ಬಲವಿರುವ ಖಾರವಾದ ದನಿಯನ್ನು ಕಲಿಸಿದರು. ಅದಕ್ಕೆ ಮನಸೋತ ಬೆಂಜಮಿನ್ ಬ್ರಿಟನ್ 1959ರಲ್ಲಿ ಆ ಹುಡುಗರಿಗಾಗಿಯೇ ‘ಮಿಸ್ಸಾ ಬ್ರೆವಿಸ್’ ಎಂಬ ಆರಾಧನಾ ಕೃತಿಯನ್ನು ರಚಿಸಿದರು. 1212ರಲ್ಲಿ ಆರಂಭವಾದ, 1723ರಿಂದ 1750ರವರೆಗೆ ಬಾಖ್ ನಡೆಸಿದ ಲೈಪ್‌ಜಿಗ್‌ನ ಥಾಮಸ್ ಚರ್ಚಿನ ವೃಂದದ್ದು ಇನ್ನೊಂದು ರೀತಿ: ಅಲ್ಲಿ ಆಲ್ಟೊ, ಅಂದರೆ ಮೇಲಿನಿಂದ ಎರಡನೆಯ, ಸಾಲನ್ನೂ ಹುಡುಗರೇ ಹಾಡುತ್ತಾರೆ, ದನಿ ಒಡೆದವರು ಅದೇ ವೃಂದದಲ್ಲಿ ಟೆನರ್, ಬಾಸ್ ಎಂಬ ಗಂಡುದನಿಯ ಕೆಳಸಾಲುಗಳಿಗೆ ಸರಿಯುತ್ತಾರೆ. ಕಿಂಗ್ಸ್‌ನಲ್ಲಿ ಆಲ್ಟೊ ಹಾಡುವವರು ಕಳ್ಳದನಿಯಲ್ಲಿ, ಅಂದರೆ ಸಹಜ ದನಿಗೂ ಮೇಲೆ ತೆಳುವಾಗಿ, ಹಾಡುವ ಯುವಕರು.

ರಾತ್ರಿಕೇಳುಗ

ಇಬ್ಬರಿಗೂ ಕೃತಜ್ಞತೆಗಳು. ಇಷ್ಟು ದಿನ ಕೇಳುತ್ತಿದ್ದುದು ಲ್ಯಾಟಿನ್ ಅಲ್ಲ, ಇಂಗ್ಲಿಷ್ ಎಂಬುದು ಈಗಷ್ಟೇ ಹೊಳೆಯಿತು; ದನಿಗೆ ಮನಸೋತು ಮಾತನ್ನೇ ಕೇಳಿಸಿಕೊಂಡಿರಲಿಲ್ಲ. ಮೂರನೆಯ ಪ್ರಶ್ನೆ ಹಾಗೆಯೇ ಉಳಿದಿದೆ.

ಮಾರ್ದನಿ

ಮೂರನೆಯ ಪ್ರಶ್ನೆಯನ್ನು ಕಾಲದ ಕಡೆಯಿಂದ ನೋಡಬೇಕು. ಹರೆಯದಲ್ಲಿ ಗಂಟಲಗೂಡು ದೊಡ್ಡದಾಗಿ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗಿ, ಹುಡುಗನ ಮಾತಿನ ಶ್ರುತಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಈಗ ಇದು ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕರೊಳಗೆ ನಡೆಯುತ್ತದೆ. ಹಿಂದೆ ತಡವಾಗಿ ನಡೆಯುತ್ತಿತ್ತು. 1732ರಲ್ಲಿ ಹುಟ್ಟಿದ ಸಂಗೀತ ರಚನಕಾರ ಹೈಡನ್, ವಿಯೆನ್ನಾದ ಸಂತ ಸ್ಟೀಫನ್ನರ ಪ್ರಧಾನಾಲಯದ ವೃಂದದಿಂದ ದನಿ ಒಡೆದು ಹೊರಬಿದ್ದದ್ದು 1749ರ ಹೊತ್ತಿಗೆ. ಬಾಖ್ ತನ್ನ ಕಠಿಣವಾದ ಸಾಲುಗಳನ್ನು ಬರೆದದ್ದು ಅಂಥ, ಪುಪ್ಪುಸವೂ ತಿಳಿವಳಿಕೆಯೂ ಬಲಿತ ಹುಡುಗರಿಗೆ ಎಂಬುದನ್ನು ನೆನಪಿಡಬೇಕು. ಇಂದಿನ ಗುರುವಿಗೆ ಸಿಗುವುದು ನಾಲ್ಕೈದು ವರ್ಷ ಮಾತ್ರ. ಹುಡುಗ ಪಳಗುವಷ್ಟರಲ್ಲಿ ಅವನನ್ನು ಬೀಳ್ಕೊಡಬೇಕಾಗುತ್ತದೆ.

ಇನ್ನು ಹೆಂಗಸರ ವಿಚಾರ. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಸಂತ ಪೌಲನ ಮಾತನ್ನು ಆಧಾರವಾಗಿಟ್ಟುಕೊಂಡು ಶತಮಾನಗಳ ಕಾಲ ಅವರನ್ನು ದೂರವಿಟ್ಟರು. 1903ರಲ್ಲಿ ಪೋಪ್ ಹತ್ತನೆಯ ಪಿಯುಸ್ ಕೂಡ ಎತ್ತರದ ದನಿ ಬೇಕಾದರೆ ಬಾಲಕರಿಂದಲೇ ಹಾಡಿಸಬೇಕೆಂದು ವಿಧಿಸಿದರು. ಇಂಗ್ಲೆಂಡಿನ ಸಾಲ್ಸ್‌ಬರಿ ಪ್ರಧಾನಾಲಯ 1991ರಲ್ಲಿ ಬಾಲಕಿಯರ ವೃಂದವನ್ನು ಆರಂಭಿಸಿದಾಗ ಪರಂಪರೆಯೇ ಮುಳುಗಿತೆಂಬಂತೆ ವಾದಿಸಿದವರಿದ್ದರು. ಒಂದೇ ತರಬೇತಿ ಪಡೆದ ಬಾಲಕ, ಬಾಲಕಿಯರ ವೃಂದಗಳನ್ನು ಕಣ್ಣುಮುಚ್ಚಿ ಕೇಳಿದವರು ಹಲವು ಬಾರಿ ತಪ್ಪಾಗಿ ಗುರುತಿಸುತ್ತಾರೆ. ಈ ಬಗ್ಗೆ ಪರೀಕ್ಷೆಗಳೂ ನಡೆದಿವೆ. ಹಾಗೆಂದು ಬಾಲಕರ ವೃಂದ ಬೇಡವೆನ್ನುವ ಪಕ್ಷ ನನ್ನದಲ್ಲ. ಮುಂದೆ ಟೆನರ್, ಬಾಸ್ ಹಾಡುವ ಗಂಡಸರಲ್ಲಿ ಅನೇಕರು ಬರುವುದು ಅಲ್ಲಿಂದಲೇ. ಅದನ್ನು ಉಳಿಸಿಕೊಳ್ಳಲು ಅಷ್ಟು ಕಾರಣ ಸಾಕು; ‘ದೇವದೂತರ ದನಿ’ ಎಂಬ ಸವೆದ ಮಾತು ಬೇಕಿಲ್ಲ.

‘ಮಿಸೆರೇರೆ’ಯ ಮಟ್ಟಿಗಂತೂ, ಮೇಲಿನ ಸಾಲನ್ನು ಮೂಲದಲ್ಲಿ ಹಾಡಿದವರು ವಯಸ್ಕರೇ ಆದ್ದರಿಂದ, ಬಾಲಕನಿಗಿರುವಷ್ಟೇ ಹಕ್ಕು ಸ್ತ್ರೀಗೂ ಇದೆ. ಟ್ಯಾಲಿಸ್ ಸ್ಕಾಲರ್ಸ್ ತಂಡದ 1980ರ ಧ್ವನಿಮುದ್ರಣವನ್ನು ಕೇಳಿ ನೋಡಿ. ಅದು ಲ್ಯಾಟಿನ್ನಿನಲ್ಲಿದೆ, ಎತ್ತರದ ಸ್ವರ ಹಾಡುವವರು ಮಹಿಳೆ.

ರಾತ್ರಿಕೇಳುಗ

ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ಆ ಸ್ವರ ಬರುವುದು ಒಟ್ಟು ಐದು ಬಾರಿ. ಮೊದಲನೆಯದು ದೋಷವನ್ನು ತೊಳೆಯೆಂದು ಬೇಡುವ ಚರಣದಲ್ಲಿ ಎಂಬುದು ಪಠ್ಯವನ್ನು ಎದುರಿಗಿಟ್ಟುಕೊಂಡಾಗ ತಿಳಿಯಿತು. 1980ರ ಮುದ್ರಣದಲ್ಲಿ ಐದೂ ಬಾರಿ ಆ ಸ್ವರ ತಪ್ಪದೆ ಬಂದೇ ಬರುತ್ತದೆಂಬ ಭರವಸೆಯಿಂದ ಕುಳಿತಿದ್ದೆ. 1963ರದನ್ನು ಎಷ್ಟು ಬಾರಿ ಕೇಳಿದ್ದರೂ, ಹುಡುಗ ಈ ಸಲ ಅಲ್ಲಿಗೆ ತಲುಪುತ್ತಾನೋ ಇಲ್ಲವೋ ಎಂದು ನಾನೇ ಉಸಿರು ಬಿಗಿಹಿಡಿಯುತ್ತೇನೆ.