ಗಡೀಪಾರಿನ ಭಯದಲ್ಲಿರುವ ಲ್ಯಾಟಿನೋ ಮಕ್ಕಳು: ಶಾಲಾ ಕೌನ್ಸೆಲರ್ ಏನು ಮಾಡಬೇಕು?

ಸ್ಯಾಲಿನಾಸ್_ಕನ್ನಡತಿ:
ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಲ್ಲಿ ನಿದ್ದೆಗೇಡು, ಹೊಟ್ಟೆನೋವು, ಗೈರುಹಾಜರಿ ಒಟ್ಟೊಟ್ಟಿಗೆ ಕಾಣುತ್ತವೆ. ಇವರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿ ಪೌರತ್ವ ಪಡೆದವರು. ಇವರಿಗೇಕೆ ಇಷ್ಟು ಭಯ? ಆತಂಕಕ್ಕೆ ನಾವು ಕಲಿತ ‘ಯೋಚನೆ ತಿದ್ದುವ’ ವಿಧಾನ ಇಲ್ಲಿ ಸಾಕಾಗುತ್ತದೆಯೇ?

ಹೊಳೆದಂಡೆ:
ಪೌರತ್ವ ಮಗುವಿಗಿದೆ, ಅಮ್ಮನಿಗಿಲ್ಲ. ಮಗುವಿನ ಮನಸ್ಸು ಅಮ್ಮನ ಕಾಗದಪತ್ರದ ಮೇಲೆ ನಿಂತಿದೆ. ಇದಕ್ಕೆ ಒಳ್ಳೆಯ ಪುರಾವೆ ಒರೆಗಾನ್ ರಾಜ್ಯದ್ದು. ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ದಾಖಲೆಯಿಲ್ಲದವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಯುವ ಡಾಕಾ (DACA) ಯೋಜನೆಗೆ 2012ರ ಜೂನ್ 15ಕ್ಕೆ 31 ವರ್ಷ ತುಂಬಿರಬಾರದಿತ್ತು. ಆ ವಯೋಮಿತಿಯ ಸ್ವಲ್ಪ ಆಚೀಚೆ ಹುಟ್ಟಿದ ತಾಯಂದಿರ ಮಕ್ಕಳನ್ನು ಹೋಲಿಸಿದ ಅಧ್ಯಯನ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಾಯಿ ಅರ್ಹಳಾಗಿದ್ದ ಕಡೆ ಮಕ್ಕಳ ಆತಂಕ ಮತ್ತು ಹೊಂದಾಣಿಕೆಯ ತೊಂದರೆಗಳು ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ಮಕ್ಕಳೂ ಅವೇ ಊರಿನವರು, ಬಡತನವೂ ಅದೇ. ಬದಲಾದದ್ದು ನೀತಿ ಒಂದೇ.

ದಾಖಲೆಯಿಲ್ಲದ ಹದಿಹರೆಯದವರ ಪಾಡು ಬೇರೆ. ಡಾಕಾಗೆ 2007ರ ಜೂನ್‌ನಿಂದ ಅಲ್ಲೇ ವಾಸವಿರಬೇಕು. ಹಾಗಾಗಿ ಇಂದಿನ ಹೈಸ್ಕೂಲಿನವರಲ್ಲಿ ಬಹುಪಾಲು ಮೊದಲೇ ಹೊರಗೆ. 16–18ರಲ್ಲಿ ಗೆಳೆಯರು ಕೆಲಸ, ಕಾಲೇಜು ಸಾಲದ ಮಾತಾಡುವಾಗ ಇವರು ಮೌನವಾಗುತ್ತಾರೆ. ಖಿನ್ನತೆಯನ್ನು ಆ ವಯಸ್ಸಿನಲ್ಲಿ ಮುದ್ದಾಂ ಕೇಳಿ ನೋಡಿ.

ಬೇವುಬೆಲ್ಲ:
ಎರಡನೇ ಪ್ರಶ್ನೆಗೆ: ‘ಹಾಗಾಗುವ ಸಾಧ್ಯತೆ ಎಷ್ಟು, ಯೋಚಿಸು’ ಎನ್ನಬೇಡಿ. ಭಯ ನಿಜವಾದದ್ದು. ಅದನ್ನು ತಪ್ಪು ಯೋಚನೆ ಎಂದರೆ ಮಗು ಮುಂದಿನ ವಾರ ಬರುವುದೇ ಇಲ್ಲ. ‘ಅಪ್ಪ ಸಂಜೆ ಬರದಿದ್ದರೆ ತಂಗಿಯನ್ನು ಯಾರು ಕರೆತರುತ್ತಾರೆ?’ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಚಿಕಿತ್ಸೆ ಅಲ್ಲಿಂದಲೇ ಶುರು.

ಆತಂಕ ಅಳೆಯಲು ‘ಸ್ಕೇರ್ಡ್’ (SCARED) ಪ್ರಶ್ನಾವಳಿ ಅನುಕೂಲ: 41 ಪ್ರಶ್ನೆ, ಮಗುವಿಗೊಂದು ಪೋಷಕರಿಗೊಂದು, ಸ್ಪ್ಯಾನಿಷ್‌ನಲ್ಲೂ ಇದೆ. ಅಂಕ 25 ಮುಟ್ಟಿದರೆ ಪೂರ್ಣ ತಪಾಸಣೆಗೆ ಕಳಿಸಿ. ಪೋಷಕರ ಮಾತನ್ನು ಮಗುವಿನಿಂದಲೇ ಅನುವಾದ ಮಾಡಿಸಬೇಡಿ. ಮನೆಯ ಭಾರ ಇನ್ನಷ್ಟು ಅದರ ಹೆಗಲಿಗೇರುತ್ತದೆ. ಪಾಠದಲ್ಲಿ ಗಮನವಿಲ್ಲದ್ದನ್ನು ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಎಂದು ಬರೆದುಬಿಡುವುದು ಇಲ್ಲಿ ಪದೇ ಪದೇ ಆಗುವ ತಪ್ಪು; ಮೊದಲು ನಿದ್ದೆ ವಿಚಾರಿಸಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಆತ್ಮಹತ್ಯೆ ತಡೆಯ ಸಹಾಯವಾಣಿ 988ಕ್ಕೆ ಕರೆ ಮಾಡಿ 2 ಒತ್ತಿದರೆ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಾರೆ.

ಟಿಪ್ಪಣಿಯಲ್ಲಿ ಯಾರ ವಲಸೆ ಸ್ಥಿತಿಯನ್ನೂ ಬರೆಯಬೇಡಿ. ‘ಕುಟುಂಬದಿಂದ ಅಗಲುವ ಭಯ’ ಎಂದರೆ ಸಾಕು. ಶಾಲಾ ದಾಖಲೆಗೆ ಕಾನೂನಿನ ರಕ್ಷಣೆ ಇದ್ದರೂ ಕೋರ್ಟ್ ಆದೇಶ ಬಂದರೆ ಅದು ತೆರೆಯಬಹುದು.

ಸ್ಯಾಲಿನಾಸ್_ಕನ್ನಡತಿ:
‘ಹಿಡಿದೊಯ್ಯಲು ವಲಸೆ ಅಧಿಕಾರಿಗಳು ಯಾರೂ ಶಾಲೆಗೆ ಬರುವುದಿಲ್ಲ’ ಎಂದು ಮಕ್ಕಳಿಗೆ ಭರವಸೆ ಕೊಡಬಹುದೇ?

ಕಾನೂನುಕಟ್ಟೆ:
ಕೊಡಬೇಡಿ ಮೇಡಂ. ಶಾಲೆ, ಆಸ್ಪತ್ರೆ, ಚರ್ಚುಗಳಲ್ಲಿ ಬಂಧಿಸದಂತೆ ಇದ್ದ ನಿರ್ಬಂಧವನ್ನು 2025ರ ಜನವರಿಯಲ್ಲಿ ತೆಗೆದುಹಾಕಿದ್ದಾರೆ. ಭರವಸೆ ಮುರಿದರೆ ನಿಮ್ಮ ಮಾತಿಗೇ ಬೆಲೆ ಇರದು. ನಿಜವಾದದ್ದನ್ನು ಹೇಳಿ: ದಾಖಲೆಯಿಲ್ಲವೆಂದು ಸರ್ಕಾರಿ ಶಾಲೆ ಯಾವ ಮಗುವನ್ನೂ ಹೊರಗಿಡುವಂತಿಲ್ಲ, ಅಮೆರಿಕದ ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪು ಇದೆ. ಜಡ್ಜ್ ಸಹಿಯ ವಾರಂಟ್ ಬೇರೆ, ಐಸಿಇ (ವಲಸೆ ಜಾರಿ ಇಲಾಖೆ) ಅಧಿಕಾರಿಯೇ ಸಹಿ ಹಾಕಿದ ಐ-200 (ಬಂಧನ), ಐ-205 (ಗಡೀಪಾರು) ನಮೂನೆಯ ವಾರಂಟ್‌ಗಳು ಬೇರೆ. ಎರಡನೆಯದನ್ನು ಹಿಡಿದು, ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರುವ ಹಕ್ಕಿಲ್ಲ ಎಂಬುದು ವಕೀಲರು ಹೇಳಿಕೊಡುವ ಮೂಲ ಪಾಠ.

ಮನೆಯವರಿಂದ ಒಂದು ಲಕೋಟೆ ಸಿದ್ಧಮಾಡಿಸಿ. ಮಗುವಿನ ಪಾಸ್‌ಪೋರ್ಟ್, ಜನನ ಪತ್ರ, ಔಷಧಿಗಳ ಪಟ್ಟಿ, ವಕೀಲರ ನಂಬರ್, ಪೋಷಕರಿಗೆ ಎ-ನಂಬರ್ (ವಲಸೆ ಇಲಾಖೆ ಕೊಡುವ ಗುರುತು ಸಂಖ್ಯೆ) ಇದ್ದರೆ ಅದು. ಬಂಧಿತರನ್ನು ಆನ್‌ಲೈನ್‌ನಲ್ಲಿ ಹುಡುಕಲು ಎ-ನಂಬರ್ ಜೊತೆ ಹುಟ್ಟಿದ ದೇಶ ಬೇಕು. ಬರೀ ಹೆಸರಿನಿಂದ ಹುಡುಕಿದರೆ ಕಾಗುಣಿತದ ಒಂದು ತಪ್ಪಿಗೇ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ‘ಕೇರ್‌ಗಿವರ್ ಅಫಿಡವಿಟ್’ ಇದೆ. ಮಗುವನ್ನು ಇಟ್ಟುಕೊಂಡಿರುವ ಅಜ್ಜಿ, ಚಿಕ್ಕಮ್ಮ ಅದಕ್ಕೆ ಸಹಿ ಹಾಕಿದರೆ ಶಾಲೆಗೆ ಸೇರಿಸಬಹುದು, ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಕೋರ್ಟಿಗೆ ಹೋಗಬೇಕಿಲ್ಲ. ಶಾಲೆಯ ತುರ್ತು ಸಂಪರ್ಕ ಕಾರ್ಡಿನಲ್ಲಿ ಅಪ್ಪ-ಅಮ್ಮ ಇಬ್ಬರದ್ದೇ ಹೆಸರಿದ್ದರೆ ಇವತ್ತೇ ಇನ್ನಿಬ್ಬರನ್ನು ಸೇರಿಸಿ.