ಮನೆಯಲ್ಲೇ ಭೌತಶಾಸ್ತ್ರ: ಗಣಿತ ಎಷ್ಟು ಬೇಕು, ಯಾವಾಗ ಬೇಕು?

ಪ್ರಶ್ನೆ: ಓದು ಮುಗಿಸಿ ಬಹಳ ವರ್ಷಗಳಾಗಿವೆ, ಉದ್ಯೋಗ ಬೇರೆ ಕ್ಷೇತ್ರದ್ದು. ಭೌತಶಾಸ್ತ್ರವನ್ನು ಸಮೀಕರಣಗಳ ಸಮೇತ, ಮೊದಲಿನಿಂದ, ಮನೆಯಲ್ಲೇ ಕಲಿಯಬೇಕೆಂದಿದ್ದೇನೆ. ಬೀಜಗಣಿತ ಅಷ್ಟಿಷ್ಟು ನೆನಪಿದೆ, ಕಲನಶಾಸ್ತ್ರ ಪೂರ್ತಿ ಮರೆತಿದೆ. ಗಣಿತವನ್ನೆಲ್ಲ ಮುಗಿಸಿಕೊಂಡೇ ಭೌತಶಾಸ್ತ್ರಕ್ಕೆ ಕೈ ಹಾಕಬೇಕೆ? ಹೀಗೆ ಕಲಿತವರು, ಕಲಿಸಿದವರು ದಯವಿಟ್ಟು ತಿಳಿಸಿ.

ಲೆಕ್ಕಪತ್ರದ ಕೆಲಸ ಮಾಡಿಕೊಂಡೇ ಕಲಿತವರೊಬ್ಬರು:

ಬೇಡ. ಗಣಿತವನ್ನು ಮುಗಿಸಿ ಬರುತ್ತೇನೆಂದು ಹೊರಟವರು ಅಲ್ಲೇ ಉಳಿಯುತ್ತಾರೆ, ಏಕೆಂದರೆ ಅದು ಮುಗಿಯುವುದಿಲ್ಲ. ಹಾಗೆಂದು ಬರಿಗೈಯಲ್ಲಿ ಹೊರಡುವುದೂ ಸಲ್ಲದು. ಮೊದಲೇ ಗಟ್ಟಿಯಾಗಿರಬೇಕಾದದ್ದು ಸ್ವಲ್ಪವೇ: ಅಕ್ಷರಗಳಿರುವ ಸಮೀಕರಣವನ್ನು ಅಂಜದೆ ತಿರುಗಿಸಿ ಬರೆಯುವುದು, ಘಾತಗಳು, ನಕ್ಷೆ ಓದುವುದು, ಸೈನ್ ಮತ್ತು ಕೊಸೈನ್, ಕೋನವನ್ನು ರೇಡಿಯನ್‌ನಲ್ಲಿ ಅಳೆಯುವುದು. ಒಂದು ಪರೀಕ್ಷೆ ಹೇಳುತ್ತೇನೆ. ಆರಂಭದ ವೇಗ, ವೇಗೋತ್ಕರ್ಷ ಮತ್ತು ಕ್ರಮಿಸಿದ ದೂರವನ್ನು ಅಂಕಿಗಳಲ್ಲಿ ಕೊಡದೆ ಅಕ್ಷರಗಳಲ್ಲೇ ಕೊಟ್ಟರೆ, ತೆಗೆದುಕೊಂಡ ಕಾಲವನ್ನು ನೀವು ಬಿಡಿಸಬಲ್ಲಿರಾ? ವರ್ಗ ಸಮೀಕರಣ ಎದುರಾದಾಗ ಕೈ ನಿಲ್ಲದಿದ್ದರೆ ಇಂದೇ ಶುರು ಮಾಡಿ. ನಿಂತರೆ ಕೆಲವು ವಾರ ಬೀಜಗಣಿತಕ್ಕೇ ಕೊಡಿ. ಸ್ವಂತವಾಗಿ ಓದುವವರು ಸೋಲುವುದು ಹೆಚ್ಚಾಗಿ ಕಲನಶಾಸ್ತ್ರದಲ್ಲಲ್ಲ, ಬೀಜಗಣಿತದ ಮೂರನೆಯ ಸಾಲಿನಲ್ಲಿ.

ಕಲನಶಾಸ್ತ್ರವನ್ನು ಚಲನೆಯ ಜೊತೆಗೇ ಕಲಿಯಿರಿ. ವೇಗವೆಂದರೆ ದೂರದ ನಕ್ಷೆಯ ಇಳಿಜಾರು, ದೂರವೆಂದರೆ ವೇಗದ ನಕ್ಷೆಯ ಕೆಳಗಿನ ವಿಸ್ತೀರ್ಣ. ಈ ಎರಡು ಮಾತು ಮನಸ್ಸಿಗೆ ಇಳಿದರೆ ಅವಕಲನ, ಅನುಕಲನಗಳ ಅರ್ಧ ಭಯ ಹೋಯಿತು. ನ್ಯೂಟನ್ ಕೂಡ ಇವುಗಳನ್ನು ರೂಪಿಸಿದ್ದು ಬದಲಾಗುತ್ತಿರುವ ರಾಶಿಗಳನ್ನು ಹಿಡಿಯುವುದಕ್ಕಾಗಿಯೇ. 1665–66ರಲ್ಲಿ ಪ್ಲೇಗ್‌ನಿಂದ ವಿಶ್ವವಿದ್ಯಾಲಯ ಮುಚ್ಚಿದ್ದಾಗ ಆ ಕೆಲಸದ ಬಹುಭಾಗ ನಡೆಯಿತು.

ಆಮೇಲೆ ಸ್ಪ್ರಿಂಗಿಗೆ ಕಟ್ಟಿದ ತೂಕಕ್ಕೆ ಬನ್ನಿ, ಅಲ್ಲಿ ಬೇಕಾದಷ್ಟು ದಿನ ತಂಗಿ. ಎಷ್ಟು ದೂರ ಎಳೆದಿರೋ ಅದಕ್ಕೆ ಅನುಪಾತದಲ್ಲಿ ಹಿಂದಕ್ಕೆ ಸೆಳೆಯುವ ಬಲ, ಅಷ್ಟೇ. ಅದನ್ನು ಬರೆದೊಡನೆ ನಿಮ್ಮ ಮುಂದೆ ಮೊದಲ ನಿಜವಾದ ಅವಕಲ ಸಮೀಕರಣ, ಅಂದರೆ ರಾಶಿಯ ಜೊತೆ ಅದು ಬದಲಾಗುವ ದರವೂ ಇರುವ ಸಮೀಕರಣ, ನಿಂತಿರುತ್ತದೆ. ಉತ್ತರ ಸೈನ್ ಮತ್ತು ಕೊಸೈನ್. ತ್ರಿಕೋನಗಳಿಗೆ ಮಾತ್ರ ಸೇರಿದವು ಎಂದುಕೊಂಡಿದ್ದವು ಇಲ್ಲಿಗೆ ಏಕೆ ಬಂದವು ಎಂದು ಕೇಳಿಕೊಳ್ಳಿ, ಉತ್ತರ ಸಿಗುವವರೆಗೆ ಪುಟ ತಿರುಗಿಸಬೇಡಿ. ಈ ಒಂದು ಸಮೀಕರಣ ಮುಂದೆ ಲೋಲಕದಲ್ಲಿ, ಧ್ವನಿಯಲ್ಲಿ, ಸುರುಳಿ ಮತ್ತು ಕೆಪಾಸಿಟರ್ ಇರುವ ವಿದ್ಯುತ್ ಮಂಡಲದಲ್ಲಿ, ಕಡೆಗೆ ಕ್ವಾಂಟಂ ಸಿದ್ಧಾಂತದಲ್ಲಿಯೂ ಬರುತ್ತದೆ. ವಿದ್ಯುತ್ ಮಂಡಲದಲ್ಲಿ ಸ್ಥಾನಪಲ್ಲಟದ ಜಾಗಕ್ಕೆ ವಿದ್ಯುದಂಶ, ದ್ರವ್ಯರಾಶಿಯ ಜಾಗಕ್ಕೆ ಸುರುಳಿಯ ಪ್ರೇರಕತೆ ಬರುತ್ತದೆ, ಗಣಿತ ಅದೇ. ಇದನ್ನು ಮೊದಲ ಸಲ ಕಂಡ ಸಂಜೆಯ ಸಂತೋಷ ನನ್ನಲ್ಲಿ ಇನ್ನೂ ಇದೆ.

ಓದಿದ್ದನ್ನು ಅಳೆದು ನೋಡುವುದನ್ನು ಮರೆಯಬೇಡಿ. ಲೋಲಕಕ್ಕೆ ಒಂದು ದಾರ, ಒಂದು ನಟ್ಟು, ಮೊಬೈಲಿನ ಗಡಿಯಾರ ಸಾಕು. ತೂಗುಬಿಂದುವಿನಿಂದ ನಟ್ಟಿನ ಮಧ್ಯದವರೆಗೆ 25 ಸೆಂಟಿಮೀಟರ್ ಇದ್ದರೆ ಒಂದು ಪೂರ್ತಿ ಆಂದೋಲನಕ್ಕೆ ಸುಮಾರು 1 ಸೆಕೆಂಡ್, 1 ಮೀಟರ್ ಇದ್ದರೆ ಸುಮಾರು 2 ಸೆಕೆಂಡ್. 20 ಆಂದೋಲನಗಳ ಕಾಲವನ್ನು ಒಟ್ಟಿಗೆ ಅಳೆದು 20ರಿಂದ ಭಾಗಿಸಿ, ಲೋಲಕದ ಅವಧಿಯ ಸೂತ್ರದಿಂದ ಗುರುತ್ವದ ವೇಗೋತ್ಕರ್ಷವನ್ನು ನೀವೇ ಲೆಕ್ಕ ಹಾಕಿ. ಬಳಿಕ ಸೂತ್ರ ಎಲ್ಲಿ ಕೈಕೊಡುತ್ತದೆಂದು ಹುಡುಕಿ. ಆ ಸೂತ್ರವನ್ನು ಪಡೆಯುವಾಗ, ಕೋನ ಚಿಕ್ಕದಿದ್ದರೆ ಸೈನ್ ಬೆಲೆಯೂ ರೇಡಿಯನ್‌ನಲ್ಲಿ ಅಳೆದ ಕೋನವೂ ಬಹುತೇಕ ಒಂದೇ ಎಂದು ಒಪ್ಪಿಕೊಳ್ಳುತ್ತೇವೆ. 10 ಡಿಗ್ರಿಯಲ್ಲಿ ಇವೆರಡರ ವ್ಯತ್ಯಾಸ ಶೇಕಡಾ 0.5ರಷ್ಟು. ಆದರೆ 60 ಡಿಗ್ರಿಯಿಂದ ಬಿಟ್ಟರೆ ಆಂದೋಲನದ ಅವಧಿಯೇ ಶೇಕಡಾ 7ರಷ್ಟು ಹಿಗ್ಗುತ್ತದೆ, ನಿಮ್ಮ ಮೊಬೈಲಿನಲ್ಲೇ ಅದು ಕಾಣುತ್ತದೆ.

ವಿದ್ಯುತ್ಕಾಂತತೆಗೆ ಬಂದಾಗ ಸದಿಶಗಳ (ಪರಿಮಾಣದ ಜೊತೆ ದಿಕ್ಕೂ ಇರುವ ರಾಶಿಗಳ) ಕಲನಶಾಸ್ತ್ರ ಬೇಕು, ಕ್ವಾಂಟಂಗೆ ಸಂಕೀರ್ಣ ಸಂಖ್ಯೆ ಮತ್ತು ರೇಖೀಯ ಬೀಜಗಣಿತ. ಆಗ ಕಲಿತರಾಯಿತು. ಇಂಗ್ಲೆಂಡಿನ ವಿಜ್ಞಾನಿ ಆಲಿವರ್ ಹೆವಿಸೈಡ್ ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟವರು. ಮ್ಯಾಕ್ಸ್‌ವೆಲ್‌ ಅವರ ವಿದ್ಯುತ್ಕಾಂತತೆಯ 1873ರ ಗ್ರಂಥ ಕೈಗೆ ಬಂದಾಗ ಅದನ್ನು ಓದುವಷ್ಟು ಗಣಿತ ಅವರಲ್ಲಿರಲಿಲ್ಲ. ಗ್ರಂಥ ಕೇಳಿದ ಗಣಿತವನ್ನು ವರ್ಷಗಟ್ಟಲೆ ಒಬ್ಬರೇ ಕೂತು ಕಲಿತರು. ಇಂದು ಎಲ್ಲ ಪಠ್ಯಗಳಲ್ಲಿರುವ ವಿದ್ಯುತ್ಕಾಂತತೆಯ ನಾಲ್ಕು ಸಮೀಕರಣಗಳ ಸದಿಶ ರೂಪ 1880ರ ದಶಕದಲ್ಲಿ ಅವರ ಕೈಯಿಂದ ಬಂತು.

ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿಯೊಬ್ಬರು:

ಮೇಲಿನದನ್ನು ಒಪ್ಪುತ್ತೇನೆ, ಆದರೆ ಮನೆಯಲ್ಲಿ ಕಲಿಯುವವರಿಗೆ ಇರುವ ದೊಡ್ಡ ಕೊರತೆ ಬೇರೆ. ತಪ್ಪು ಕಲ್ಪನೆಯನ್ನು ತಡೆದು ನಿಲ್ಲಿಸಲು ಎದುರಿಗೆ ಯಾರೂ ಇರುವುದಿಲ್ಲ. ನೇರ ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿರುವಾಗ ಅದರ ವೇಗೋತ್ಕರ್ಷ ಎಷ್ಟು? ಸೊನ್ನೆ ಎಂದು ಹೇಳುವ ಬಹಳ ಜನರನ್ನು ಕಂಡಿದ್ದೇನೆ. ವೇಗ ಮಾತ್ರ ಸೊನ್ನೆ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. ಮೇಜಿನ ಮೇಲಿಟ್ಟ ಪುಸ್ತಕದ ತೂಕಕ್ಕೆ ನ್ಯೂಟನ್ ಅವರ ಮೂರನೆಯ ನಿಯಮದ ಪ್ರತಿಕ್ರಿಯೆ ಯಾವುದು? ಮೇಜು ಮೇಲಕ್ಕೆ ಒತ್ತುವ ಬಲವಲ್ಲ, ಪುಸ್ತಕವು ಭೂಮಿಯನ್ನು ಸೆಳೆಯುವ ಬಲ. ಸೂತ್ರಗಳೆಲ್ಲ ಬಂದರೂ ಇವೆರಡು ಬರದಿದ್ದರೆ ಯಂತ್ರಶಾಸ್ತ್ರ (ಬಲ ಮತ್ತು ಚಲನೆಯ ಶಾಸ್ತ್ರ) ಬಂದಿಲ್ಲ. ಆದ್ದರಿಂದ ಪ್ರತಿ ಅಧ್ಯಾಯದಲ್ಲಿ ಲೆಕ್ಕಕ್ಕಿಂತ ಮೊದಲು ಅಂಕಿಗಳಿಲ್ಲದ ಪ್ರಶ್ನೆಗಳಿಗೆ ಪೂರ್ಣ ವಾಕ್ಯಗಳಲ್ಲಿ ಉತ್ತರ ಬರೆಯಿರಿ.

ವಿಡಿಯೊ ಉಪನ್ಯಾಸಗಳ ಬಗ್ಗೆ ನನಗೆ ಅನುಮಾನವಿದೆ. ನೋಡುವಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ. ನೀರಿಗಿಳಿಯದೆ ದಡದಲ್ಲಿ ಕೂತು ಈಜು ನೋಡಿದ ಹಾಗೆ. ನೋಡಿ, ನಿಲ್ಲಿಸಿ, ಖಾಲಿ ಹಾಳೆಯಲ್ಲಿ ಅದೇ ನಿಷ್ಪತ್ತಿಯನ್ನು ನೀವೇ ಬರೆಯಿರಿ. ಲೆಕ್ಕ ಬಿಡಿಸಲು ಆಗದೆ ಪರಿಹಾರ ತೆರೆಯಲೇಬೇಕಾದರೆ ಒಂದು ಸಾಲು ಮಾತ್ರ ಓದಿ ಮುಚ್ಚಿಬಿಡಿ. ಮಾನಗಳನ್ನು ಪ್ರತಿ ಸಾಲಿನಲ್ಲೂ ಬರೆಯಿರಿ: ಮೀಟರ್ ಬರಬೇಕಾದಲ್ಲಿ ಸೆಕೆಂಡ್ ಬಂದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ನನ್ನಂಥವಳು ಪಕ್ಕದಲ್ಲಿ ಇರಬೇಕಾಗಿಲ್ಲ.

ತಂತ್ರಾಂಶ ಬರೆಯುವವರೊಬ್ಬರು:

ಕೈಯಲ್ಲಿ ಬಿಡಿಸಲಾಗದ ಸಮೀಕರಣಗಳನ್ನು ಕಂಪ್ಯೂಟರಿಗೆ ಕೊಡಿ. ಸ್ಪ್ರೆಡ್‌ಶೀಟ್ ಸಾಕು. ಕಾಲವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಕತ್ತರಿಸಿ, ಪ್ರತಿ ಹೆಜ್ಜೆಯಲ್ಲೂ ಬಲದಿಂದ ವೇಗವನ್ನು, ವೇಗದಿಂದ ಸ್ಥಾನವನ್ನು ಲೆಕ್ಕ ಹಾಕುವುದು. ಮೇಲೆ ಹೇಳಿದ 60 ಡಿಗ್ರಿಯ ಲೋಲಕವನ್ನೇ ಹೀಗೆ ಓಡಿಸಿ ನೋಡಬಹುದು. ಒಂದು ಎಚ್ಚರಿಕೆ: ಸ್ಥಾನ, ವೇಗ ಎರಡನ್ನೂ ಹಳೆಯ ಬೆಲೆಗಳಿಂದಲೇ ಲೆಕ್ಕ ಹಾಕಿದರೆ ಲೋಲಕದ ಶಕ್ತಿ ಸುಮ್ಮನೆ ಏರುತ್ತಾ ಹೋಗುತ್ತದೆ. ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದ ಸ್ಥಾನವನ್ನು ಬದಲಿಸಿದರೆ ಹತೋಟಿಯಲ್ಲಿರುತ್ತದೆ.

ಇನ್ನೊಬ್ಬರು:

ಯಂತ್ರಶಾಸ್ತ್ರದ ನಡುವೆ ಬೇಸರ ಬಂದರೆ ವಿಶೇಷ ಸಾಪೇಕ್ಷತೆಯ ಮೊದಲ ಅಧ್ಯಾಯ ಓದಿ. ಬೆಳಕಿನ ವೇಗ ಎಲ್ಲರಿಗೂ ಒಂದೇ ಎಂದು ಒಪ್ಪಿಕೊಂಡರೆ, ಚಲಿಸುವ ಗಡಿಯಾರದ ಕಾಲ ಹಿಗ್ಗುವುದನ್ನು ಸಾಧಿಸಲು ಪೈಥಾಗೊರಸ್ ಪ್ರಮೇಯವೊಂದೇ ಸಾಕು. ಎರಡು ಕನ್ನಡಿಗಳ ನಡುವೆ ಬೆಳಕು ಓಡಾಡುವ ಗಡಿಯಾರವನ್ನು ಕಲ್ಪಿಸಿಕೊಳ್ಳಿ, ಅದು ಪಕ್ಕಕ್ಕೆ ಚಲಿಸುವಾಗ ಬೆಳಕಿನ ದಾರಿ ಓರೆಯಾಗುತ್ತದೆ, ಲಂಬಕೋನ ತ್ರಿಭುಜ ತಾನಾಗಿ ಮೂಡುತ್ತದೆ. ಗಡಿಯಾರದ ವೇಗ ಬೆಳಕಿನ ವೇಗದ 0.6ರಷ್ಟಿದ್ದರೆ ಅದರ 1 ಸೆಕೆಂಡ್ ನಿಮಗೆ 1.25 ಸೆಕೆಂಡ್. 0.8ಕ್ಕೆ ಎಷ್ಟೆಂದು ನೀವೇ ಬಿಡಿಸಿ.